ಸಂಪಿನಲ್ಲಿ ಮೊದಲು ಅಳೆಯಬೇಕಾದ್ದು ಖಾಲಿ ಜಾಗ

ಈ ಸಂಚಿಕೆಯಲ್ಲಿ ಅತಿಥಿಗಳಿಲ್ಲ, ಸಂದರ್ಶನ ಇಲ್ಲ. ನಾನೊಬ್ಬಳೇ ಮಾತಾಡ್ತೀನಿ, ಅದೂ ನನ್ನ ಒಂದು ಅಭಿಪ್ರಾಯವನ್ನ. ಒಪ್ಪದೇ ಇದ್ದರೆ ಜಗಳಕ್ಕೆ ಬನ್ನಿ, ಸಂತೋಷ. ವಿಷಯ ಇಷ್ಟು: ಮನೆಯ ಅಕ್ವೇರಿಯಂ ಕೆಳಗೆ ಇಡುವ ಸಂಪು ಎಷ್ಟು ದೊಡ್ಡದಿರಬೇಕು, ಅದರೊಳಗೆ ಎಷ್ಟು ಖಾನೆ ಮಾಡಬೇಕು.

ಸಂಪು ಅಂದ ತಕ್ಷಣ ಬೆಂಗಳೂರಿನವರ ಕಣ್ಣಿಗೆ ಬರೋದು ಗೇಟಿನ ಪಕ್ಕದ ನೆಲದೊಳಗಿನ ತೊಟ್ಟಿ. ಮೇಲೊಂದು ಕಬ್ಬಿಣದ ಮುಚ್ಚಳ. ಕಾವೇರಿ ನೀರು ಬಿಡುವ ದಿನ ಮುಚ್ಚಳ ಎತ್ತಿ, ತುಂಬಿತಾ ಅಂತ ಇಣುಕೋದು. ನಾನು ಜರ್ಮನಿಯಲ್ಲಿ ಮೀನಿನ ತೊಟ್ಟಿಗೆ ಸಂಪು ಮಾಡಿಸ್ತಾ ಇದೀನಿ ಅಂತ ಫೋನಿನಲ್ಲಿ ಹೇಳಿದಾಗ ನಮ್ಮಪ್ಪನಿಗೂ ಅದೇ ನೆನಪಾಯ್ತು. "ಮೂರನೇ ಮಹಡೀಲಿ ನೆಲ ಅಗೀತೀಯೇನಮ್ಮಾ?" ಅಂತ ಕೇಳಿದ್ರು.

ಮೀನಿನ ಸಂಪು ನೆಲದೊಳಗಲ್ಲ, ಬೀರುವಿನೊಳಗೆ ಇರುತ್ತೆ. ಮೇಲೆ ಮೀನಿರುವ ತೊಟ್ಟಿ, ಅದನ್ನ ಹೊತ್ತ ಬೀರುವಿನ ಒಳಗೆ ಇನ್ನೊಂದು ಚಿಕ್ಕ ಗಾಜಿನ ತೊಟ್ಟಿ. ಮೇಲಿನ ತೊಟ್ಟಿಯ ಅಂಚಿನಲ್ಲಿ ಒಂದು ಕೋಡಿ. ಕೆರೆಗೆ ಇರುತ್ತಲ್ಲ, ಥೇಟ್ ಹಾಗೇ. ಕೋಡಿ ದಾಟಿದ ನೀರು ಪೈಪಿನಲ್ಲಿ ಕೆಳಗಿನ ಸಂಪಿಗೆ ಇಳಿಯುತ್ತೆ, ಅಲ್ಲಿ ಸೋಸಿಕೊಳ್ಳುತ್ತೆ, ಬಿಸಿಯಾಗುತ್ತೆ, ಕೊನೆಗೆ ಪಂಪು ಅದನ್ನ ಮತ್ತೆ ಮೇಲಕ್ಕೆ ತಳ್ಳುತ್ತೆ. ಇಲ್ಲಿನವರು ಇದನ್ನ ಟೆಕ್ನಿಕ್‌ಬೆಕೆನ್ ಅಂತಾರೆ, ಯಂತ್ರಗಳ ತೊಟ್ಟಿ. ಹೀಟರು, ಫಿಲ್ಟರು, ಪಂಪು ಎಲ್ಲವೂ ಕಣ್ಣಿಗೆ ಕಾಣದ ಜಾಗದಲ್ಲಿ ಕೂತಿರುತ್ತವೆ. ಮೇಲೆ ನೋಡಿದರೆ ಬರೀ ನೀರು, ಗಿಡ, ಮೀನು.

ಇಷ್ಟನ್ನ ವಿವರಿಸಿದ ಮೇಲೆ ಅಪ್ಪ ಕೇಳಿದ ಎರಡನೇ ಪ್ರಶ್ನೆ: "ಕರೆಂಟ್ ಹೋದ್ರೆ?"

ನಾನು ನಕ್ಕುಬಿಟ್ಟೆ. "ಇಲ್ಲಿ ಕರೆಂಟ್ ಹೋಗಲ್ಲಪ್ಪ" ಅಂದೆ.

ಸುಳ್ಳೇನಲ್ಲ. 2023ರಲ್ಲಿ ಜರ್ಮನಿಯ ಒಬ್ಬ ಗ್ರಾಹಕನಿಗೆ ಇಡೀ ವರ್ಷದಲ್ಲಿ ಸರಾಸರಿ 13 ನಿಮಿಷಕ್ಕಿಂತ ಕಡಿಮೆ ಹೊತ್ತು ಕರೆಂಟ್ ಇರಲಿಲ್ಲ. ತುಮಕೂರಿನ ನಮ್ಮನೆಯಲ್ಲಿ ಒಂದು ಸಂಜೆಗೇ ಅಷ್ಟಾಗುತ್ತಿತ್ತು. ಕರೆಂಟ್ ಹೋಗುವ ಊರಲ್ಲಿ ಬೆಳೆದವಳು ನಾನು. ಕರೆಂಟ್ ಹೋಗದ ಊರಿಗೆ ಬಂದು ಐದಾರು ವರ್ಷದಲ್ಲಿ ಆ ಪ್ರಶ್ನೆಯನ್ನೇ ಮರೆತಿದ್ದೆ.

ಆಮೇಲೆ ಆದದ್ದು ಹೇಳ್ತೀನಿ. ನವೆಂಬರ್ ತಿಂಗಳು. ಸಂಪಿನೊಳಗಿನ ಹೀಟರಿನ ಗಾಜು ಸೀಳಿತು. ಸೋರಿಕೆಯಾದ ಕರೆಂಟನ್ನ ಗುರುತಿಸಿ ಮನೆಯ ರಕ್ಷಣಾ ಸ್ವಿಚ್ಚು ಟ್ರಿಪ್ ಆಯ್ತು. ಅದರ ಕೆಲಸವೇ ಅದು, ಅದನ್ನ ಬೈಯೋ ಹಾಗಿಲ್ಲ. ಇಡೀ ಬೀದಿಗೆ ಕರೆಂಟ್ ಇತ್ತು, ನನ್ನ ಮನೆಗೆ ಮಾತ್ರ ಇರಲಿಲ್ಲ. ನಾನು ಲ್ಯಾಬಿನಲ್ಲಿದ್ದೆ, ಗಂಡ ಬೇರೆ ಊರಿನಲ್ಲಿದ್ದ. ಸಂಜೆ ಏಳು ಗಂಟೆಗೆ ಮನೆಗೆ ಬಂದರೆ ಬಾಗಿಲಿಗೆ ಕೆಳಗಿನ ಮನೆಯ ಅಜ್ಜಿಯ ಚೀಟಿ. ಅವರ ಅಡುಗೆಮನೆಯ ಸೂರಿನಿಂದ ನೀರು ತೊಟ್ಟಿಕ್ಕುತ್ತಿತ್ತು. ನಮ್ಮನೆಯ ಮರದ ನೆಲ ಆಗಲೇ ಉಬ್ಬಲು ಶುರುವಾಗಿತ್ತು. ಸುಮಾರು 23 ಲೀಟರು ಹೊರಗೆ ಬಂದಿತ್ತು, ಹೆಚ್ಚೂಕಡಿಮೆ ಎರಡು ಕೊಡ ನೀರು.

ತೊಟ್ಟಿಯಲ್ಲಿ ಆರು ಡೆನಿಸನ್ ಬಾರ್ಬ್ ಇದ್ದವು. ವಿಜ್ಞಾನದ ಹೆಸರು ಸಹ್ಯಾದ್ರಿಯಾ ಡೆನಿಸೋನಿ. ಹೆಸರೇ ಹೇಳುವ ಹಾಗೆ ನಮ್ಮ ಕಡೆಯ ಮೀನು, ಪಶ್ಚಿಮ ಘಟ್ಟದ ಹೊಳೆಗಳನ್ನ ಬಿಟ್ಟರೆ ಕಾಡಿನಲ್ಲಿ ಇನ್ನೆಲ್ಲೂ ಇಲ್ಲ. ಮೈಮೇಲೆ ಕೆಂಪು ಪಟ್ಟಿ, ಅದರ ಕೆಳಗೆ ಕಪ್ಪು ಪಟ್ಟಿ. ಅಕ್ವೇರಿಯಂ ವ್ಯಾಪಾರಕ್ಕೆ ವಿಪರೀತ ಹಿಡಿದದ್ದೂ ಸೇರಿ, ಈಗ ಐಯುಸಿಎನ್ ಕೆಂಪು ಪಟ್ಟಿಯಲ್ಲಿ ಅಪಾಯಕ್ಕೆ ಸಿಲುಕಿದ ಪ್ರಭೇದ. ನನ್ನವು ಸಾಕಣೆಯಲ್ಲೇ ಹುಟ್ಟಿದವು. ಆದರೂ ಗುಣ ಹೊಳೆಯದ್ದೇ, ಹರಿಯುವ ನೀರು, ಗಾಳಿ ಬೆರೆತ ನೀರು ಬೇಕು. ಮಧ್ಯಾಹ್ನದಿಂದ ನೀರು ನಿಂತಿತ್ತು, ಲೈಟೂ ಇರಲಿಲ್ಲ. ಕತ್ತಲಲ್ಲಿ ಗಿಡಗಳೂ ಆಮ್ಲಜನಕ ಹೀರುತ್ತವೆ. ನಾನು ಬಂದಾಗ ಐದು ಮೀನು ಮೇಲ್ಮೈಗೆ ಬಾಯಿಟ್ಟು ಉಸಿರಾಡ್ತಾ ಇದ್ದವು. ಆರನೆಯದು ಸತ್ತಿತ್ತು.

ಜೀವಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿದ ನನಗೆ, ನಮ್ಮಪ್ಪನಿಗೆ ಮೊದಲೇ ಹೊಳೆದದ್ದು ಹೊಳೆದಿರಲಿಲ್ಲ. ಅದಕ್ಕೇ ಈ ಸಂಚಿಕೆ.

ಈಗ ತಪ್ಪು ಎಲ್ಲಿತ್ತು ನೋಡೋಣ. ಲೆಕ್ಕ ಸುಲಭ, ಸ್ಕೂಲಿನ ಗಣಿತ ಸಾಕು.

ಮೇಲಿನ ತೊಟ್ಟಿ 120 ಸೆಂಟಿಮೀಟರ್ ಉದ್ದ, 50 ಅಗಲ, 50 ಎತ್ತರ. ಒಟ್ಟು 300 ಲೀಟರು. ಉದ್ದವನ್ನ ಅಗಲದಿಂದ ಗುಣಿಸಿದರೆ 6,000 ಚದರ ಸೆಂಟಿಮೀಟರ್. ಅಂದರೆ ನೀರು ಒಂದು ಸೆಂಟಿಮೀಟರ್ ಇಳಿದರೆ 6 ಲೀಟರು ಕೆಳಗೆ ಹೋಗುತ್ತೆ. ಈ 6 ಅನ್ನೋ ಸಂಖ್ಯೆ ನೆನಪಿಟ್ಟುಕೊಳ್ಳಿ.

ಪಂಪು ನಿಂತಾಗ ನೀರು ಎರಡು ದಾರಿಯಲ್ಲಿ ಕೆಳಗೆ ಬರುತ್ತೆ. ಮೊದಲನೆಯದು ಕೋಡಿಯ ಮೇಲೆ ಹರಿಯುತ್ತಿದ್ದ ನೀರು. ಗಂಟೆಗೆ 2,000 ಲೀಟರು ಹರಿವಿದ್ದು, ಕೋಡಿಯಲ್ಲಿ ಹಲ್ಲುಗಳ ನಡುವಿನ ತೆರವು ಒಟ್ಟು 20 ಸೆಂಟಿಮೀಟರ್ ಇದ್ದರೆ, ಅಲ್ಲಿ ನೀರು ಸುಮಾರು 1.3 ಸೆಂಟಿಮೀಟರ್ ದಪ್ಪಕ್ಕೆ ಹರಿಯುತ್ತಿರುತ್ತೆ. ಅದಷ್ಟೇ 8 ಲೀಟರು. ಇದನ್ನ ತಡೆಯೋಕೆ ಆಗಲ್ಲ, ತಡೆಯಬೇಕಾದ್ದೂ ಇಲ್ಲ.

ಎರಡನೆಯ ದಾರಿಯೇ ಕಳ್ಳ. ನೀರನ್ನ ಮೇಲಕ್ಕೆ ಕಳಿಸುವ ಪೈಪು ಉಲ್ಟಾ ಕೆಲಸ ಶುರು ಮಾಡುತ್ತೆ. ಅದರ ಬಾಯಿ ನೀರಿನೊಳಗೆ ಮುಳುಗಿರುತ್ತಲ್ಲ, ಪಂಪು ನಿಂತ ಕ್ಷಣ ಸೈಫನ್ ಆಗಿ ಮೇಲಿನ ನೀರನ್ನ ಕೆಳಗೆ ಎಳೆಯುತ್ತೆ. ಬಾಯಿಗೆ ಗಾಳಿ ಸಿಗುವ ತನಕ ನಿಲ್ಲಲ್ಲ. ನಾನು ಚೆಂದ ಕಾಣಲಿ ಅಂತ ಅದನ್ನ 6 ಸೆಂಟಿಮೀಟರ್ ಆಳದಲ್ಲಿ ಇಟ್ಟಿದ್ದೆ. ಆರಾರಲೆ 36 ಲೀಟರು. ಕೋಡಿಯ ಆ 8 ಲೀಟರು ಇದರಲ್ಲೇ ಸೇರಿತು. ಕೋಡಿಯ ಪೆಟ್ಟಿಗೆ, ಪೈಪುಗಳಲ್ಲಿದ್ದ ನೀರು ಇನ್ನೊಂದು 6. ಒಟ್ಟು 42 ಲೀಟರು.

ಸೈಫನ್ ಮುರಿಯಲಿ ಅಂತ ಪೈಪಿಗೆ ನೀರಿನ ಮಟ್ಟದ ಹತ್ತಿರ ಒಂದು ಸಣ್ಣ ತೂತು ಕೊರೆಯೋದು ವಾಡಿಕೆ. ನಾನೂ ಕೊರೆದಿದ್ದೆ, 3 ಮಿಲಿಮೀಟರ್ ತೂತು. ಪಾಚಿ ಕಟ್ಟಿಕೊಂಡು ಅದು ಯಾವಾಗ ಮುಚ್ಚಿಹೋಗಿತ್ತೋ ಗೊತ್ತಿಲ್ಲ. ಹಿಂದಕ್ಕೆ ಹರಿಯದ ಹಾಗೆ ತಡೆಯುವ ಕವಾಟ ಹಾಕಬಹುದಲ್ಲ ಅಂತೀರಿ. ಅದರ ರಬ್ಬರಿನ ಅಂಚಿಗೆ ಒಂದು ಮರಿ ಬಸವನಹುಳು, ಒಂದು ಚೂರು ಸುಣ್ಣ ಸಿಕ್ಕಿಕೊಂಡರೆ ಸಾಕು, ಸೋರುತ್ತೆ. ಇವೆಲ್ಲ ಇರಲಿ, ಬೇಡ ಅನ್ನಲ್ಲ. ಆದರೆ ಇವು ಕೆಲಸ ಮಾಡ್ತವೆ ಅಂತ ನಂಬಿ ಸಂಪಿನ ಅಳತೆ ಹಾಕಬಾರದು.

ಈಗ ಕೆಳಗೆ ಬನ್ನಿ. ನನ್ನ ಹಳೆಯ ಸಂಪು 60 ಉದ್ದ, 40 ಅಗಲ, 35 ಎತ್ತರ. ಒಟ್ಟು 84 ಲೀಟರು. ಮೇಲಿನ ತೊಟ್ಟಿಯ ನಾಲ್ಕನೇ ಒಂದರಿಂದ ಮೂರನೇ ಒಂದು ಭಾಗದಷ್ಟು ಸಂಪು ಇರಬೇಕು ಅನ್ನೋ ಮಾತನ್ನ ಈ ಹವ್ಯಾಸದವರೆಲ್ಲ ಕೇಳಿರ್ತೀರಿ. ನನ್ನದು ಆ ಮಾತಿಗೆ ಸರಿಯಾಗೇ ಇತ್ತು. ಆದರೆ ಐದು ಖಾನೆ ಮಾಡಿಸಿದ್ದೆ, ಅಡ್ಡಗಾಜುಗಳನ್ನ ಎತ್ತರಕ್ಕೆ ಹಾಕಿಸಿದ್ದೆ. ಪಂಪು ಓಡುವಾಗ ನೀರು ಸರಾಸರಿ 27 ಸೆಂಟಿಮೀಟರ್ ಎತ್ತರಕ್ಕೆ ನಿಲ್ಲುತ್ತಿತ್ತು. ಮೇಲೆ ಉಳಿದದ್ದು 8 ಸೆಂಟಿಮೀಟರ್, ಅಂದರೆ 19 ಲೀಟರಿನ ಜಾಗ. ಬಂದದ್ದು 42. ಮಿಕ್ಕ 23 ಲೀಟರು ಎಲ್ಲಿಗೆ ಹೋಯ್ತು ಅಂತ ಆಗಲೇ ಹೇಳಿದೆ.

ಇದು ನಿಜಕ್ಕೂ ಸಂಪು ಚಿಕ್ಕದಾಗಿದ್ದರ ತಪ್ಪಲ್ಲ. ಅದೇ ಡಬ್ಬದಲ್ಲಿ ನೀರು 15 ಸೆಂಟಿಮೀಟರ್ ಎತ್ತರಕ್ಕೆ ನಿಲ್ಲುವ ಹಾಗೆ ಅಡ್ಡಗಾಜು ಹಾಕಿಸಿದ್ದರೆ ಮೇಲೆ 48 ಲೀಟರಿಗೆ ಜಾಗ ಇರ್ತಿತ್ತು. 42 ಲೀಟರು ಬಂದು ಸುಮ್ಮನೆ ಕೂರ್ತಿತ್ತು. ಅಜ್ಜಿಯ ಅಡುಗೆಮನೆಗೆ ಏನೂ ಆಗ್ತಿರಲಿಲ್ಲ.

ಹಾಗಾಗಿ ನನ್ನ ಅಭಿಪ್ರಾಯ ಇದು. "ಸಂಪು ಮೇಲಿನ ತೊಟ್ಟಿಯ ಎಷ್ಟು ಪಾಲು ಇರಬೇಕು" ಅನ್ನೋದು ತಪ್ಪು ಪ್ರಶ್ನೆ. ಆ ಪಾಲು ಸಂಪು ತುಂಬಿದಾಗ ಎಷ್ಟು ಹಿಡಿಯುತ್ತೆ ಅಂತ ಹೇಳುತ್ತೆ, ಓಡುವಾಗ ಎಷ್ಟು ಖಾಲಿ ಇರುತ್ತೆ ಅಂತ ಹೇಳಲ್ಲ. ಮೊದಲು ಕೇಳಬೇಕಾದ್ದು: ಎಲ್ಲ ನಿಂತಾಗ ಎಷ್ಟು ನೀರು ಕೆಳಗೆ ಬರುತ್ತೆ? ಅಷ್ಟು ಜಾಗ ಮೊದಲು ಎತ್ತಿಡಿ. ಉಳಿದದ್ದರಲ್ಲಿ ಫಿಲ್ಟರು, ಹೀಟರು, ಪಂಪು ಹೊಂದಿಸಿ. ಹೊಂದಲಿಲ್ಲ ಅಂದ್ರೆ ಆಗ ದೊಡ್ಡ ಸಂಪು ತಗೊಳ್ಳಿ. ನಮ್ಮ ಕಡೆ ಕೆರೆ ಕಟ್ಟಿದವರಿಗೆ ಈ ಬುದ್ಧಿ ಇತ್ತು. ಏರಿ ಎಷ್ಟು ಎತ್ತರ ಇದ್ರೂ ಕೋಡಿ ಸರಿಯಿಲ್ಲದ ಕೆರೆ ಒಂದೇ ಮಳೆಗೆ ಒಡೆಯುತ್ತೆ. ಕೆರೆಗೆ ಕೆಟ್ಟ ದಿನ ಅಂದ್ರೆ ಜೋರು ಮಳೆ, ಸಂಪಿಗೆ ಕೆಟ್ಟ ದಿನ ಅಂದ್ರೆ ಕರೆಂಟ್ ಹೋದದ್ದು.

ಇನ್ನು ಖಾನೆಗಳ ವಿಷಯ. ಇದರಲ್ಲಿ ನನಗೆ ಜಗಳ ಜಾಸ್ತಿ.

ಐದು ಖಾನೆಯ ಸಂಪು ನೋಡೋಕೆ ಚೆಂದ. ಬಟ್ಟೆ ಚೀಲಕ್ಕೊಂದು, ಸ್ಪಂಜಿಗೊಂದು, ಬ್ಯಾಕ್ಟೀರಿಯಾ ಮನೆಗೊಂದು, ಗುಳ್ಳೆ ತಡೆಯೋಕೊಂದು, ಪಂಪಿಗೊಂದು. ನಮ್ಮಜ್ಜಿಯ ಮಸಾಲೆ ಡಬ್ಬಿ ಥರ. ಆದರೆ ಡಬ್ಬಿಯೊಳಗಿನ ಸಾಸಿವೆ ಜೀರಿಗೆಗೆ ಬೆರೆಯಬಾರದು, ನೀರು ಬೆರೀಬೇಕು. ಖಾನೆ ಹೆಚ್ಚಿದರೆ ನೀರು ಹೆಚ್ಚು ಶುದ್ಧವಾಗುತ್ತೆ ಅನ್ನೋ ನಂಬಿಕೆಗೆ ಜೀವಶಾಸ್ತ್ರದ ಆಧಾರ ಇಲ್ಲ. ಮೀನು ಬಿಡುವ ಅಮೋನಿಯಾವನ್ನ ನೈಟ್ರೈಟ್ ಆಗಿ, ಅದನ್ನ ನೈಟ್ರೇಟ್ ಆಗಿ ಮಾಡುವ ಸೂಕ್ಷ್ಮಜೀವಿಗಳು ನೀರಿನಲ್ಲಿ ತೇಲಿಕೊಂಡು ಇರೋದಕ್ಕಿಂತ ಮೇಲ್ಮೈಗೆ ಅಂಟಿಕೊಂಡು ಬದುಕೋದೇ ಹೆಚ್ಚು. ಅವಕ್ಕೆ ಬೇಕಾದ್ದು ಕೂರೋಕೆ ಜಾಗ, ಆಮ್ಲಜನಕ, ಹರಿದು ಬರುವ ಅಮೋನಿಯಾ. ನಡುವೆ ಗಾಜಿದೆಯೋ ಇಲ್ಲವೋ ಅವಕ್ಕೆ ಬೇಕಾಗಿಲ್ಲ.

ಈ ಜೀವಿಗಳು ಎಷ್ಟು ಎಲ್ಲೆಂದರಲ್ಲಿ ನೆಲೆ ಊರುತ್ತವೆ ಅನ್ನೋದಕ್ಕೆ ಎರಡು ಕಥೆ. 2005ರಲ್ಲಿ ಅಮೋನಿಯಾ ತಿಂದು ಬದುಕುವ ಆರ್ಕಿಯಾ ಒಂದನ್ನ ಮೊದಲ ಬಾರಿಗೆ ಬೇರ್ಪಡಿಸಿ ಬೆಳೆಸಿದರು. ಸಿಕ್ಕಿದ್ದು ಸಿಯಾಟಲ್ ಅಕ್ವೇರಿಯಂನ ಉಪ್ಪುನೀರಿನ ತೊಟ್ಟಿಯಲ್ಲಿ. ಅಮೋನಿಯಾದಿಂದ ನೈಟ್ರೇಟ್ ತನಕ ಇಡೀ ಕೆಲಸವನ್ನ ಒಂದೇ ಬ್ಯಾಕ್ಟೀರಿಯಾ ಮಾಡಬಲ್ಲದು ಅಂತ ಗೊತ್ತಾದದ್ದು 2015ರಲ್ಲಿ. ಆಗ ಸಿಕ್ಕವುಗಳಲ್ಲಿ ಕೆಲವು ಮೀನು ಸಾಕಣೆಯ ಫಿಲ್ಟರಿನಿಂದಲೇ ಬಂದವು. ಅದಕ್ಕೂ ಮುಂಚೆ ಒಂದು ಶತಮಾನಕ್ಕೂ ಹೆಚ್ಚು ಕಾಲ ಈ ಎರಡು ಹೆಜ್ಜೆಗೆ ಎರಡು ಬೇರೆ ಬೇರೆ ಜೀವಿ ಬೇಕೇ ಬೇಕು ಅಂತ ನಾವೆಲ್ಲ ಓದಿಕೊಂಡು ಬಂದಿದ್ವಿ. ಬ್ಯಾಕ್ಟೀರಿಯಾನೇ ಖಾನೆ ಮಾಡಿಕೊಂಡು ಕೂತಿಲ್ಲ, ನಾವ್ಯಾಕೆ ಮಾಡೋದು?

ಗುಳ್ಳೆ ತಡೆಯುವ ಖಾನೆಯಲ್ಲಂತೂ ಅತಿ ಮಾಡಿದರೆ ಕೆಲಸವೇ ಕೆಡುತ್ತೆ. ಜಾಗ ಉಳಿಸೋಕೆ ಅಂತ ಎರಡು ಗಾಜಿನ ನಡುವೆ 2 ಸೆಂಟಿಮೀಟರ್ ಬಿಟ್ಟಿದ್ದೆ. ಗಂಟೆಗೆ 2,000 ಲೀಟರು ಅಂದರೆ ಸೆಕೆಂಡಿಗೆ ಸುಮಾರು 556 ಮಿಲಿಲೀಟರು. 40 ಸೆಂಟಿಮೀಟರ್ ಅಗಲ, 2 ಸೆಂಟಿಮೀಟರ್ ಸಂದಿಯಲ್ಲಿ ಅದು ಸೆಕೆಂಡಿಗೆ 7 ಸೆಂಟಿಮೀಟರ್ ವೇಗದಲ್ಲಿ ಕೆಳಗೆ ಇಳಿಯುತ್ತೆ. ಸಣ್ಣ ಗುಳ್ಳೆ ನಿಧಾನವಾಗಿ ಏಳೋದು. ನೀರು ಅದಕ್ಕಿಂತ ಜೋರಾಗಿ ಇಳಿದರೆ ಗುಳ್ಳೆಯೂ ನೀರಿನ ಜೊತೆ ಕೆಳಗೆ ಹೋಗಿ ಪಂಪಿಗೆ ಸೇರುತ್ತೆ. ಸಂದಿಯನ್ನ 6 ಸೆಂಟಿಮೀಟರ್ ಮಾಡಿದರೆ ವೇಗ 2.3ಕ್ಕೆ ಇಳಿಯುತ್ತೆ. ಅಂದರೆ ಗುಳ್ಳೆಗೆ ಬೇಕಾದ್ದು ಇನ್ನೊಂದು ಗಾಜಲ್ಲ, ಅಗಲವಾದ ದಾರಿ.

ಹೊಸ ಸಂಪನ್ನ ಹೀಗೆ ಮಾಡಿಸಿದೆ. ಒಳಅಳತೆ 80 ಉದ್ದ, 40 ಅಗಲ, 40 ಎತ್ತರ, ಒಟ್ಟು 128 ಲೀಟರು. ಅಡ್ಡಗಾಜು ಎರಡೇ, ಖಾನೆ ಮೂರು. ಮೊದಲನೆಯದರಲ್ಲಿ ನೀರು ಬಿದ್ದು ಸ್ಪಂಜು ದಾಟುತ್ತೆ. ಎರಡನೆಯದು ದೊಡ್ಡದು, ಬ್ಯಾಕ್ಟೀರಿಯಾ ಕೂರುವ ಸಾಮಗ್ರಿ ಅಲ್ಲೇ, ಹೀಟರೂ ಅಲ್ಲೇ, ಗುಳ್ಳೆಗಳು ಮೇಲೆದ್ದು ಹೋಗೋಕೆ ಜಾಗವೂ ಅಲ್ಲೇ. ಮೂರನೆಯದು ಪಂಪಿನದು. ಓಡುವಾಗ ಮೂರರಲ್ಲೂ ಸೇರಿ ಇರುವ ನೀರು ಸುಮಾರು 65 ಲೀಟರು. ತಮಾಷೆ ಅಂದ್ರೆ ಹಳೆಯದರಲ್ಲೂ ಅಷ್ಟೇ ಇತ್ತು. ವ್ಯತ್ಯಾಸ ಇರೋದು ಖಾಲಿ ಜಾಗದಲ್ಲಿ: ಅಂಚಿನ 3 ಸೆಂಟಿಮೀಟರ್ ಬಿಟ್ಟರೂ 50 ಲೀಟರಿಗಿಂತ ಹೆಚ್ಚು. ಪೈಪಿನ ಬಾಯಿಯನ್ನೂ ಎತ್ತಿ, ಮೇಲ್ಮೈಯಿಂದ 2 ಸೆಂಟಿಮೀಟರ್ ಕೆಳಗೆ ಇಟ್ಟಿದೀನಿ. ಈಗ ಪಂಪು ನಿಂತರೆ ಬರೋದು 18 ಲೀಟರು.

ಕೊನೆಯ ಖಾನೆಯ ಅಳತೆ ಮಾತ್ರ ಅಳೆದು ಸುರಿದು ಮಾಡಬೇಕು. ಯಾಕಂದ್ರೆ ಅದಕ್ಕೆ ಎರಡು ಕೆಲಸ, ಎರಡೂ ಒಂದಕ್ಕೊಂದು ವಿರುದ್ಧ. ಅಡ್ಡಗಾಜು ದಾಟಿ ಬರುವ ಖಾನೆಗಳಲ್ಲಿ ನೀರಿನ ಮಟ್ಟ ಬದಲಾಗಲ್ಲ, ಆವಿಯಾಗಿ ಹೋದದ್ದೆಲ್ಲ ಪಂಪಿನ ಖಾನೆಯಲ್ಲೇ ಕಡಿಮೆಯಾಗುತ್ತೆ. ಚಳಿಗಾಲದಲ್ಲಿ ರೂಮು ಬಿಸಿ ಮಾಡಿದಾಗ ನನ್ನ ತೊಟ್ಟಿಯಿಂದ ದಿನಕ್ಕೆ ಸುಮಾರು 2 ಲೀಟರು ಹೋಗುತ್ತೆ. ಪಂಪಿನ ಖಾನೆಯಲ್ಲಿ ಒಂದು ಸೆಂಟಿಮೀಟರಿಗೆ 0.9 ಲೀಟರು. ನೀರು 16 ಸೆಂಟಿಮೀಟರ್ ಇರುತ್ತೆ, 7ಕ್ಕಿಂತ ಇಳಿದರೆ ಪಂಪು ಗಾಳಿ ಎಳೆಯುತ್ತೆ. ಅಂದರೆ ಕೈಯಲ್ಲಿರೋದು 8 ಲೀಟರು, ನಾಲ್ಕು ದಿನ. ಹಾಗಾದ್ರೆ ಈ ಖಾನೆ ದೊಡ್ಡದಿರಲಿ ಅನ್ನಿಸುತ್ತೆ ಅಲ್ವಾ?

ತಡೀರಿ. ಕೋಡಿಗೆ ಒಂದು ದೊಡ್ಡ ಎಲೆ ಅಡ್ಡ ಬಂತು ಅಂತಿಟ್ಟುಕೊಳ್ಳಿ. ಕೆಳಗೆ ನೀರು ಬರಲ್ಲ, ಪಂಪು ಮಾತ್ರ ತಳ್ತಾನೇ ಇರುತ್ತೆ. ಈಗ ಪ್ರವಾಹ ಮೇಲಿನ ತೊಟ್ಟಿಯಿಂದ. ಆಗ ನಿಮ್ಮನ್ನ ಕಾಪಾಡೋದು ಪಂಪಿನ ಖಾನೆ ಚಿಕ್ಕದಾಗಿರೋದೇ. ನನ್ನ 8 ಲೀಟರೂ ಮೇಲೆ ಹೋದರೆ ಮೇಲಿನ ತೊಟ್ಟಿಯಲ್ಲಿ ನೀರು 1.4 ಸೆಂಟಿಮೀಟರ್ ಏರುತ್ತೆ. ಅಂಚಿಗೆ 3 ಸೆಂಟಿಮೀಟರ್ ಜಾಗ ಇದೆ. ಪಂಪು ಗಾಳಿ ಎಳೆದು ಕೂಗಾಡುತ್ತೆ, ಕೂಗಾಡಲಿ, ನೆಲ ಒಣಗಿರುತ್ತೆ. ಹಾಗಾಗಿ ಈ ಖಾನೆಯನ್ನ ದೊಡ್ಡದು ಮಾಡಬೇಡಿ. ರಜೆಗೆ ಹೋಗುವಾಗ ನೀರು ತುಂಬಿಸುವ ಬೇರೆ ಡಬ್ಬ ಇಡಿ. ನನ್ನದು 25 ಲೀಟರಿನದು. ಅದರ ಸ್ವಿಚ್ಚು ಕೆಟ್ಟು ಅಷ್ಟೂ ಸಂಪಿಗೆ ಸುರಿದು, ಅದೇ ದಿನ ಕರೆಂಟೂ ಹೋಯ್ತು ಅನ್ನಿ. 25ಕ್ಕೆ 18 ಸೇರಿ 43. ನನ್ನಲ್ಲಿ 50ಕ್ಕೆ ಜಾಗ ಇದೆ.

ಇದಕ್ಕೆ ಬರುವ ಆಕ್ಷೇಪ ನನಗೆ ಗೊತ್ತು. "ಅರ್ಧ ಸಂಪು ಖಾಲಿ ಬಿಟ್ರೆ ಅಷ್ಟು ನೀರು ಕಳ್ಕೊಂಡ ಹಾಗಲ್ವಾ? ನೀರು ಹೆಚ್ಚಿದ್ದಷ್ಟೂ ಮೀನಿಗೆ ಒಳ್ಳೇದು." ತತ್ವ ಸರಿ. ಲೆಕ್ಕ ನೋಡಿ. ನನ್ನ ವ್ಯವಸ್ಥೆಯಲ್ಲಿ ಒಟ್ಟು ಸುಮಾರು 347 ಲೀಟರು ನೀರಿದೆ. ಖಾಲಿ ಜಾಗದಲ್ಲಿ ಇನ್ನೂ 35 ಲೀಟರು ತುಂಬಿಸಿದರೆ ಹೆಚ್ಚಾಗೋದು ಶೇಕಡಾ 10. ಲೀಟರಿಗೆ 20 ಮಿಲಿಗ್ರಾಂ ಇರಬಹುದಾದ ನೈಟ್ರೇಟ್ 18 ಆಗುತ್ತೆ. ವಾರಕ್ಕೊಮ್ಮೆ ಒಂದೆರಡು ಬಕೆಟ್ ನೀರು ಬದಲಾಯಿಸಿದರೆ ಅಷ್ಟು ಲಾಭ ಸಿಗುತ್ತೆ. ಆ ಶೇಕಡಾ 10ಕ್ಕಾಗಿ ಕೆಳಗಿನ ಮನೆಯ ಸೂರನ್ನ ಪಣಕ್ಕಿಡಬೇಕಾ?

ಇನ್ನೊಂದು ಆಕ್ಷೇಪ: ಹವಳ ಸಾಕುವವರಿಗೆ ಪ್ರೋಟೀನ್ ಸ್ಕಿಮ್ಮರ್‌ಗೆ ನಿಗದಿತ ಮಟ್ಟದ ನೀರು ಬೇಕು, ಪಾಚಿ ಬೆಳೆಸೋಕೆ ಬೇರೆ ಖಾನೆ ಬೇಕು. ಇದನ್ನ ಒಪ್ತೀನಿ. ಪ್ರತಿ ಗಾಜಿಗೂ ಒಂದು ಕಾರಣ ಇದ್ದರೆ ಹಾಕಿ. ಆ ಗಾಜನ್ನ ತೆಗೆದರೆ ಏನು ಕೆಡುತ್ತೆ ಅಂತ ಒಂದು ವಾಕ್ಯದಲ್ಲಿ ಹೇಳೋಕೆ ಆಗದಿದ್ದರೆ ಹಾಕಬೇಡಿ. ಎತ್ತರದ ಗಾಜೊಂದು ಸೇರಿದರೆ ಅದರ ಹಿಂದೆ ನೀರು ಏರಿ ನಿಲ್ಲುತ್ತೆ, ಮೇಲಿನ ಖಾಲಿ ಜಾಗ ಅಷ್ಟು ಹೋಯ್ತು ಅಂತಲೇ ಲೆಕ್ಕ. ಕೈ ಹಾಕಿ ತೊಳೆಯೋಕೆ ಆಗದ ಒಂದು ಮೂಲೆಯೂ ಜೊತೆಗೆ ಬರುತ್ತೆ.

ಕೊನೆಗೊಂದು ಕೋರಿಕೆ. ಸಂಪು ಇರುವವರು ಈ ಶನಿವಾರ ಮನೆಯಲ್ಲಿದ್ದಾಗ, ಪಕ್ಕದಲ್ಲಿ ಬಕೆಟ್ಟು, ಒರೆಸುವ ಬಟ್ಟೆ ಇಟ್ಟುಕೊಂಡು, ನೀವೇ ಪಂಪು ಆಫ್ ಮಾಡಿ. ಸೈಫನ್ ಮುರಿಯುವ ತೂತಿದ್ದರೆ ಅದನ್ನ ಬೆರಳಿಂದ ಮುಚ್ಚಿ ಹಿಡೀರಿ, ಅದು ಕೆಟ್ಟ ದಿನ ಹೇಗಿರುತ್ತೆ ಅಂತ ನೋಡೋಕೆ. ನೀರು ಏರಿ ನಿಂತ ಜಾಗಕ್ಕೆ ಗಾಜಿನ ಹೊರಗೆ ಒಂದು ಟೇಪು ಅಂಟಿಸಿ. ಅಂಚು ಹತ್ತಿರ ಬಂತು ಅನ್ನಿಸಿದರೆ ಬೆರಳು ತೆಗೆದು ಗಾಳಿ ಬಿಡಿ, ತೂತಿಲ್ಲದಿದ್ದರೆ ಪಂಪು ಆನ್ ಮಾಡಿಬಿಡಿ. ಎರಡು ಮೂರು ನಿಮಿಷದ ಕೆಲಸ. ಟೇಪು ಅಂಚಿಗೆ ತೀರಾ ಹತ್ತಿರ ಬಂದಿದ್ದರೆ ಹೊಸ ಸಂಪು ತರೋಕೆ ಮುಂಚೆ ಪೈಪಿನ ಬಾಯಿ ಎತ್ತಿ, ಅಡ್ಡಗಾಜು ತಗ್ಗಿಸಿ. ಬಹಳ ಸಲ ಅಷ್ಟೇ ಸಾಕು. ಪಂಪು ನಿಂತಾಗ ಗಾಳಿ ಬಿಡೋಕೆ ಬ್ಯಾಟರಿಯ ಏರ್ ಪಂಪು ಒಂದಿರಲಿ. ಅದಿದ್ದಿದ್ದರೆ ನನ್ನ ಆರನೇ ಮೀನು ಉಳೀತಿತ್ತೇನೋ.

ನಾನು ಮೂರು ತಿಂಗಳಿಗೊಮ್ಮೆ ಇದನ್ನ ಮಾಡ್ತೀನಿ. ಮೊದಲ ಸಲ ಮಾಡಿದಾಗ ಅಪ್ಪನಿಗೆ ವಿಡಿಯೋ ಕಾಲ್ ಮಾಡಿ ತೋರಿಸಿದೆ. ನೀರು ಏರಿತು, ಟೇಪಿನ ಹತ್ತಿರ ಬಂತು, ನಿಂತಿತು. ಅವರು ಸ್ವಲ್ಪ ಹೊತ್ತು ನೋಡಿ, "ಸರಿ, ಈಗ ಕೆಳಗಿನವರನ್ನ ಊಟಕ್ಕೆ ಕರಿ" ಅಂದ್ರು.

ಕರೆದೆ, ಬಂದ್ರು. ಈಗ ನಾವು ಊರಿಗೆ ಹೋದಾಗ ನಮ್ಮನೆ ಕೀಲಿ ಅವರ ಹತ್ತಿರವೇ ಇರುತ್ತೆ. ನೀರಿನ ಡಬ್ಬ ತುಂಬಿಸೋದು ಅವರೇ.

ಇವತ್ತಿಗೆ ಇಷ್ಟು. ನಿಮ್ಮ ಟೇಪು ಎಲ್ಲಿ ನಿಂತಿತು ಅಂತ ಬರೆದು ತಿಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ. ನಮಸ್ಕಾರ.